ನಲವತ್ತೈದರಲ್ಲಿ ಸಿಕ್ಕ ದನಿ

ರಾಜ್‌ಕುಮಾರ್ ಎಮ್ಮೆಯ ಬೆನ್ನೇರಿ ಹಾಡಿಕೊಂಡು ಬರುವ ದೃಶ್ಯವನ್ನು ನೋಡದ ಕನ್ನಡಿಗರು ಕಡಿಮೆ. ‘ಯಾರೇ ಕೂಗಾಡಲಿ’ ಎಂಬ ಆ ಹಾಡಿನಲ್ಲಿ ಕೇಳುವುದು ಅವರದೇ ಗಂಟಲು ಅನ್ನುವುದು ಇಂದಿನವರಿಗೆ ವಿಶೇಷವೇ ಅಲ್ಲ. ಆದರೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ತೆರೆಗೆ ಬಂದಾಗ ಅದು ದೊಡ್ಡ ಸುದ್ದಿ. ಅಣ್ಣಾವ್ರು ನಾಯಕನಟರಾಗಿ ಅದಾಗಲೇ 20 ವರ್ಷ. 150ನೇ ಚಿತ್ರ ‘ಗಂಧದ ಗುಡಿ’ ಹಿಂದಿನ ವರ್ಷವಷ್ಟೇ ಬಂದುಹೋಗಿತ್ತು. ವಯಸ್ಸು 45. ಅಷ್ಟು ಕಾಲ ಅವರ ಹಾಡುಗಳು ಹೆಚ್ಚುಕಡಿಮೆ ಎಲ್ಲವೂ ಬೇರೆಯವರ ಕಂಠದಲ್ಲೇ ಇದ್ದವು.

ಈ ದನಿ ಎಲ್ಲಿ ಅಡಗಿತ್ತು? ಹುಡುಕಿಕೊಂಡು ಹೊರಟರೆ ಕೊಳ್ಳೇಗಾಲದ ಸೀಮೆಗೇ ಬರಬೇಕು.

ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಸಿಂಗಾನಲ್ಲೂರು ಕೊಳ್ಳೇಗಾಲ ಕಡೆಯ ಹಳ್ಳಿ. ಮಗ ಮುತ್ತುರಾಜ ಹುಟ್ಟಿದ್ದು ತಾಳವಾಡಿ ಬಳಿಯ ಗಾಜನೂರಿನಲ್ಲಿ, 1929ರ ಏಪ್ರಿಲ್ 24ರಂದು. ಆಗ ಎರಡೂ ಊರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಗಾಜನೂರು ಗಡಿಯಾಚೆ ಉಳಿಯಿತು. ಆದರೆ ಹಾಡಿಗೆ ಆ ಗಡಿ ಇರಲಿಲ್ಲ. ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುವ ದೇವರ ಗುಡ್ಡರ ಕಂಸಾಳೆ, ಯಳಂದೂರು ಕಡೆಯ ನೀಲಗಾರರ ತಂಬೂರಿ, ರಾತ್ರಿಯಿಡೀ ನಡೆಯುವ ಮಂಟೇಸ್ವಾಮಿ ಕತೆ... ಈ ಭಾಗದಲ್ಲಿ ಹಾಡುವುದು ಹರಕೆ, ಒಕ್ಕಲುತನದಷ್ಟೇ ಸಹಜವಾದ ಕೆಲಸ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ಹೆಸರಾಂತ ನಟರು. ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟ ಮಗನೂ ಅಪ್ಪನ ಹಿಂದೆ ಕಂಪನಿ ಸೇರಿದ. ಅಲ್ಲಿ ಹಾಡಲು ಬಾರದವನಿಗೆ ಒಳ್ಳೆಯ ಪಾತ್ರ ಸಿಗುವುದು ಕಷ್ಟ. ಲೆಗ್ ಹಾರ್ಮೋನಿಯಂ ಹಿಡಿದ ಶ್ರುತಿಗೆ, ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳುವಂತೆ ಕಂದಪದ್ಯ ಎತ್ತಬೇಕು. ಮುತ್ತುರಾಜ ಸಂಗೀತ ಕಲಿತದ್ದು ಆ ಗರಡಿಯಲ್ಲಿ.

ಹಾಗಿದ್ದರೂ 1954ರಲ್ಲಿ ‘ಬೇಡರ ಕಣ್ಣಪ್ಪ’ದೊಂದಿಗೆ ಮುತ್ತುರಾಜ ರಾಜ್‌ಕುಮಾರ್ ಆದಾಗ, ಕಣ್ಣಪ್ಪನಿಗಾಗಿ ಹಾಡಿದವರು ತಮಿಳಿನ ಸಿ.ಎಸ್. ಜಯರಾಮನ್. ಅದು ಸಿನಿಮಾದ ಪದ್ಧತಿ. ನಟಿಸುವವನು ನಟಿಸಲಿ, ಹಾಡುವವನು ಹಾಡಲಿ. ನಾಟಕದಲ್ಲಿ ಒಂದೇ ದೇಹದಲ್ಲಿದ್ದ ಎರಡು ವಿದ್ಯೆಗಳನ್ನು ಸ್ಟುಡಿಯೋ ಬೇರೆ ಬೇರೆ ಮಾಡಿತು. ಮುಂದೆ ‘ಭಕ್ತ ಕನಕದಾಸ’ (1960) ಬಂತು, ಪಿ.ಬಿ. ಶ್ರೀನಿವಾಸ್ ಅವರ ಕಂಠ ರಾಜ್‌ಕುಮಾರ್ ಮುಖಕ್ಕೆ ಒಪ್ಪಿಬಿಟ್ಟಿತು. ತಾವು ಶರೀರ, ಪಿಬಿಎಸ್ ಶಾರೀರ ಎಂದು ಅಣ್ಣಾವ್ರು ಹೇಳುತ್ತಿದ್ದರೆಂಬ ಮಾತು ಜನಜನಿತ. ಜನಕ್ಕೂ ಹಾಗೇ ಅನ್ನಿಸಿತ್ತು. ನನ್ನನ್ನು ಕೇಳಿದರೆ, ಸಿನಿಮಾದಲ್ಲಿ ತಾವೇ ಹಾಡಲು ಅವರಿಗಿದ್ದ ಸಂಕೋಚದ ಬೇರು ಇಲ್ಲಿದೆ. ಹಾಡಲು ಬಾರದೆಂಬ ಅಳುಕಲ್ಲ ಅದು. ಇನ್ನೊಬ್ಬರು ಅಷ್ಟು ಚೆನ್ನಾಗಿ ನಿಭಾಯಿಸುತ್ತಿರುವ ಜಾಗಕ್ಕೆ ಕಾಲಿಡಬಾರದೆಂಬ ಮರ್ಯಾದೆ. ಹಿರಿಯ ಕಲಾವಿದರ ಮುಂದೆ ಕೈಕಟ್ಟಿ ನಿಲ್ಲುವ ಕಂಪನಿಯ ಶಿಸ್ತಿನಲ್ಲಿ ಬೆಳೆದವರಿಗೆ ಆ ಮರ್ಯಾದೆ ಮೀರುವುದು ಸುಲಭವಲ್ಲ.

ಆದರೆ ಸುಳಿವುಗಳಿದ್ದವು. 1956ರ ‘ಓಹಿಲೇಶ್ವರ’ದಲ್ಲಿ ಕೆಲವು ಸಾಲುಗಳನ್ನು ಅವರೇ ಹಾಡಿದ್ದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಂದಿಗೆ ಒಂದು ಯುಗಳಗೀತೆಯೂ ಇತ್ತು. ಅದಕ್ಕೆ ಸಂಗೀತ ಜಿ.ಕೆ. ವೆಂಕಟೇಶ್. ಅಲ್ಲಿಂದಾಚೆ ಹೆಚ್ಚುಕಡಿಮೆ 15 ವರ್ಷ ಆ ಬಾಗಿಲು ಮುಚ್ಚಿಕೊಂಡಿತು. ಯಾರೂ ಬೇಡ ಅಂದಿರಲಿಲ್ಲ, ಯಾರೂ ಬೇಕು ಅಂತಲೂ ಅಂದಿರಲಿಲ್ಲ.

ಬೇಕು ಅಂದವರು ಮತ್ತೆ ಅದೇ ವೆಂಕಟೇಶ್. ಇಳಯರಾಜರು ಹೆಸರು ಮಾಡುವ ಮೊದಲು ಇವರ ಬಳಿಯೇ ಸಹಾಯಕರಾಗಿದ್ದರು. ಇನ್ನೊಬ್ಬರೊಳಗಿನ ಸಂಗೀತ ಇವರ ಕಿವಿಗೆ ಬೇಗ ತಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು. ‘ಸಂಪತ್ತಿಗೆ ಸವಾಲ್’ ಪಿ.ಬಿ. ಧುತ್ತರಗಿಯವರ ಜನಪ್ರಿಯ ನಾಟಕವನ್ನು ಆಧರಿಸಿದ ಚಿತ್ರ. ಎಮ್ಮೆಯ ಹಾಡಿನ ಧ್ವನಿಮುದ್ರಣದ ಹೊತ್ತಿಗೆ ಪಿಬಿಎಸ್ ಸಿಗಲಿಲ್ಲ, ನೀವೇ ಹಾಡಿಬಿಡಿ ಎಂದು ವೆಂಕಟೇಶ್ ಹಟ ಹಿಡಿದರು, ಅಣ್ಣಾವ್ರು ಹಿಂದೇಟು ಹಾಕಿದರು ಎಂಬುದು ಚಿತ್ರರಂಗದಲ್ಲಿ ಬಾಯಿಂದ ಬಾಯಿಗೆ ಬಂದಿರುವ ಕತೆ.

ಹಿಂದೇಟಿಗೆ ಇನ್ನೊಂದು ಕಾರಣವೂ ಇದ್ದೀತು. ಆ ಕಾಲದ ರೆಕಾರ್ಡಿಂಗ್ ಇಂದಿನಂತೆ ಸಾಲು ಸಾಲಾಗಿ ಹಾಡಿ ಅಂಟಿಸುವ ಕೆಲಸವಲ್ಲ. ಪಿಟೀಲು, ಕೊಳಲು, ತಬಲಾದವರೆಲ್ಲ ಕೂತಿರುತ್ತಾರೆ. ಗಾಯಕ ಅವರ ಜತೆಗೇ ಹಾಡಬೇಕು. ಒಂದು ಕಡೆ ತಪ್ಪಿದರೆ ಅಷ್ಟೂ ಜನ ಮೊದಲಿನಿಂದ ನುಡಿಸಬೇಕು. ರಂಗದ ಮೇಲೆ ಸಾವಿರ ಜನರ ಎದುರು ಹಾಡಿದವನಿಗೂ ಗಾಜಿನ ಕಿಟಕಿಯಾಚೆಯ ನಾಲ್ಕು ಜನ ಭಯ ಹುಟ್ಟಿಸಿಯಾರು. ಅಲ್ಲಿ ಪಾತ್ರವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಬರೀ ಮನುಷ್ಯ ಮತ್ತು ಮೈಕು.

ಈಗ ಆ ಹಾಡನ್ನು ಕೇಳಿ ನೋಡಿ. ಯಾರು ಎಷ್ಟೇ ಅರಚಲಿ, ಎಮ್ಮೆಯ ನೆಮ್ಮದಿ ಕೆಡುವುದಿಲ್ಲ ಎಂಬುದು ಅದರ ತಿರುಳು. ಸಂಕೋಚದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಹಾಡು ಸಿಗುತ್ತಿರಲಿಲ್ಲ. ಪಿಬಿಎಸ್ ದನಿ ಮೆದು, ರೇಷ್ಮೆಯಂಥದ್ದು. ಇದು ಹಾಗಲ್ಲ. ಎದೆಯಿಂದ ಎದ್ದು ಬರುತ್ತದೆ, ಕೊನೆಯ ಸಾಲಿನವನನ್ನು ಮುಟ್ಟುವ ಕಂಪನಿ ನಾಟಕದ ಅಭ್ಯಾಸ ಅದರೊಳಗೆ ಹಾಗೇ ಇದೆ. ಹೊಲದಲ್ಲಿ ದನ ಹೊಡೆಯುವವನ ಕೂಗಿಗೆ ಬೇಕಾದ ಕಸುವು ಸಿಕ್ಕಿದ್ದು ಅಲ್ಲಿಂದಲೇ.

ಮಾರನೆಯ ದಿನವೇ ಎಲ್ಲ ಬದಲಾಯಿತು ಎಂದುಕೊಳ್ಳಬಾರದು. ಅದೇ 1974ರ ‘ಭಕ್ತ ಕುಂಬಾರ’ದಲ್ಲಿ, ‘ಎರಡು ಕನಸು’ ಚಿತ್ರದಲ್ಲಿ ಪಿಬಿಎಸ್ ಹಾಡುಗಳೇ ಜನರ ನಾಲಗೆಯ ಮೇಲೆ ಕುಣಿದವು. ಎರಡು ದನಿಗಳೂ ಕೆಲ ಕಾಲ ಜತೆಯಲ್ಲೇ ನಡೆದವು. 1977ರ ‘ಬಭ್ರುವಾಹನ’ದಲ್ಲಿ ಅವು ಎದುರುಬದುರಾದವು. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ತಂದೆ ಮಗ ಪರಸ್ಪರ ಮೂದಲಿಸುವ ಹಾಡಿನಲ್ಲಿ ಒಂದು ಕಂಠ ಅವರದು, ಇನ್ನೊಂದು ಪಿಬಿಎಸ್ ಅವರದು. ಒಂದೇ ಮುಖಕ್ಕೆ ಸೇರಿದ ಎರಡು ಕಂಠಗಳು ಒಂದೇ ಹಾಡಿನಲ್ಲಿ ಸಮಸಮವಾಗಿ ನಿಂತದ್ದು ನನ್ನ ಮಟ್ಟಿಗೆ ಕನ್ನಡ ಚಿತ್ರಸಂಗೀತದ ದೊಡ್ಡ ಗಳಿಗೆಗಳಲ್ಲಿ ಒಂದು. ಅಲ್ಲಿ ಯಾರೂ ಯಾರನ್ನೂ ಬದಿಗೆ ಸರಿಸಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತು. ಚಿತ್ರಗೀತೆ, ಭಕ್ತಿಗೀತೆ, ಮಾದೇಶ್ವರನ ಮೇಲಿನ ಹಾಡು, ಊರೂರಲ್ಲಿ ರಸಮಂಜರಿ. ರಸಮಂಜರಿಯಲ್ಲಿ ಅವರು ಪಾತ್ರವಾಗಿ ನಿಲ್ಲುತ್ತಿರಲಿಲ್ಲ. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಗಾಯಕರಾಗಿಯೇ ನಿಲ್ಲುತ್ತಿದ್ದರು. ಮಗ ಶಿವರಾಜ್‌ಕುಮಾರ್ ನಾಯಕರಾದ ‘ಓಂ’ (1995) ಚಿತ್ರಕ್ಕೂ ಹಾಡಿದರು. ಬೇರೆಯವರ ಕಂಠಕ್ಕೆ ತುಟಿ ಕೂಡಿಸಿದ್ದವರು ಈಗ ಬೇರೆಯವರ ತುಟಿಗೆ ಕಂಠ ಕೊಡುವಂತಾದರು.

ನಟನೆಗೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ. ಬಂದದ್ದು ಹಾಡಿಗೆ. ‘ಜೀವನ ಚೈತ್ರ’ (1992) ಚಿತ್ರಕ್ಕೆ ಉಪೇಂದ್ರ ಕುಮಾರ್ ತೋಡಿ ರಾಗದಲ್ಲಿ ಕಟ್ಟಿದ ಕಷ್ಟದ ಸಂಯೋಜನೆಯನ್ನು ಹಾಡಿದ್ದಕ್ಕಾಗಿ, ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ. ಆ ಚಿತ್ರ ಬಂದಾಗ ಅವರು 60 ದಾಟಿದ್ದರು.