‘ಅವನೇ ಮಾಡಿಕೊಂಡ’ ಎಂದರೆ ಮುಗಿಯಲಿಲ್ಲ

“ಅವನೇ ಜೀವ ತೆಗೆದುಕೊಂಡರೆ ಜೈಲಿನವರೇನು ಮಾಡೋಕಾಗತ್ತೆ ಮೇಡಂ?” ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾದ ನನ್ನೆದುರು ಕೂತು ಸತ್ತವರ ಮನೆಯವರೇ ಹೀಗೆ ಕೇಳುತ್ತಾರೆ. ಶವಾಗಾರದ ಬಾಗಿಲಲ್ಲಿ ಯಾರೋ ಹೇಳಿ ಕಳಿಸಿದ ಮಾತನ್ನು ಅವರು ನಂಬಿರುತ್ತಾರೆ. ಯುಡಿಆರ್ (ಅಸಹಜ ಸಾವಿನ ವರದಿ) ಆಯಿತು, ಮಹಜರಿಗೆ ಸಹಿ ಹಾಕಿದೆವು, ಮಣ್ಣು ಮಾಡಿದೆವು, ಇನ್ನೇನಿದೆ ಎಂಬ ಭಾವ. ಕಾನೂನಿನ ಕೆಲಸ ಶುರುವಾಗುವುದೇ ಅಲ್ಲಿಂದ.

ಮನೆಯಲ್ಲಿ ಒಬ್ಬನ ಮನಸ್ಸು ಕುಸಿದರೆ ಯಾರಾದರೂ ಪಕ್ಕದಲ್ಲಿ ಮಲಗುತ್ತಾರೆ, ಡಾಕ್ಟರ ಬಳಿ ಎಳೆದೊಯ್ಯುತ್ತಾರೆ. ಜೈಲಿನೊಳಗೆ ಅವನ ಊಟ, ಮಾತ್ರೆ, ಮಲಗುವ ಜಾಗ ಎಲ್ಲವೂ ಸರ್ಕಾರದ ಕೈಯಲ್ಲಿ. ಹಾಗಾಗಿ ಜೀವ ಕಾಯುವ ಹೊಣೆಯೂ ಸರ್ಕಾರದ್ದೇ. ಸಂವಿಧಾನದ 21ನೇ ವಿಧಿ ಕೈದಿಗೂ ಅನ್ವಯಿಸುತ್ತದೆ.

ಕಸ್ಟಡಿಯಲ್ಲಾದ ಸಾವಿಗೆ ಪರಿಹಾರ ಕೇಳುವ ಅರ್ಜಿಗಳಿಗೆಲ್ಲ ತಳಪಾಯ ಒಡಿಶಾದ ನೀಲಬತಿ ಬೆಹೆರಾ ಎಂಬ ತಾಯಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರ. ಪೊಲೀಸರು ಹಿಡಿದೊಯ್ದ 22 ವರ್ಷದ ಮಗನ ಶವ ಮರುದಿನ ರೈಲು ಹಳಿಯ ಮೇಲೆ ಸಿಕ್ಕಿತ್ತು. ತಪ್ಪಿಸಿಕೊಂಡು ಓಡಿದವನು ರೈಲಿಗೆ ಸಿಕ್ಕ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಮೂಲಭೂತ ಹಕ್ಕು ಮುರಿದ ಸರ್ಕಾರಕ್ಕೆ ಸಾರ್ವಭೌಮತ್ವದ ರಕ್ಷಣೆ ಇಲ್ಲವೆಂದು 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಅದು ಆತ್ಮಹತ್ಯೆಯ ಪ್ರಕರಣವಲ್ಲ. ಆ ಪ್ರಶ್ನೆ ಸುಪ್ರೀಂ ಕೋರ್ಟಿನ 2017ರ ಸೆಪ್ಟೆಂಬರ್ 15ರ ತೀರ್ಪಿನಲ್ಲಿ ಬಂತು. 2012ರಿಂದ 2015ರವರೆಗೆ ಜೈಲುಗಳಲ್ಲಿ ಅಸಹಜವಾಗಿ ಸತ್ತವರ ವಾರಸುದಾರರನ್ನು ಹುಡುಕಿ, ಪರಿಹಾರ ಸಿಕ್ಕಿಲ್ಲದಿದ್ದರೆ ಕೊಡಿಸಲು ಹೈಕೋರ್ಟುಗಳು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬೇಕೆಂದು ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಹೇಳಿದರು. ಅಸಹಜ ಸಾವಿನ ಲೆಕ್ಕದಲ್ಲಿ ಆತ್ಮಹತ್ಯೆಯೂ ಸೇರಿದೆ, ಅದರದೇ ದೊಡ್ಡ ಪಾಲು. ಸುಪ್ರೀಂ ಕೋರ್ಟ್ ನೇಮಿಸಿದ್ದ ಅಮಿತಾವ ರಾಯ್ ಸಮಿತಿಯ ಪ್ರಕಾರ 2017–2021ರ ನಡುವೆ ದೇಶದ ಜೈಲುಗಳಲ್ಲಿ ಆದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು.

‘ಅದು ಅವನ ಸ್ವಂತ ನಿರ್ಧಾರ’ ಎಂಬ ವಾದವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ನೇರವಾಗಿ ಎದುರಿಸಿತು. ಕಸ್ಟಡಿಯಲ್ಲಿದ್ದವನೊಬ್ಬ ಆತ್ಮಹತ್ಯೆ ಮಾಡಿಕೊಳ್ಳುವ ಅಪಾಯವಿದೆಯೆಂದು ಗೊತ್ತಿದ್ದೂ ಲಂಡನ್ ಪೊಲೀಸರು ಎಚ್ಚರ ವಹಿಸಿರಲಿಲ್ಲ. ಯಾವುದನ್ನು ತಡೆಯುವುದು ನಿಮ್ಮ ಕರ್ತವ್ಯವೋ ಅದನ್ನೇ ನೆಪ ಮಾಡಿ ನುಣುಚಿಕೊಳ್ಳಲಾಗದು ಎಂದಿತು ಆ ತೀರ್ಪು. ಆದರೂ ಸತ್ತವನದೂ ಸಮಪಾಲು ಹೊಣೆಯೆಂದು ಪರಿಹಾರವನ್ನು ಅರ್ಧಕ್ಕೆ ಇಳಿಸಿತು.

ಹಾಗಾಗಿ ಕಡತ ಕೈಗೆ ಬಂದಾಗ ನಾನು ಹುಡುಕುವುದು ಎರಡೇ: ಅವರಿಗೆ ಏನು ಗೊತ್ತಿತ್ತು, ಗೊತ್ತಾದ ಮೇಲೆ ಏನು ಮಾಡಿದರು? ಸೇರಿಸಿಕೊಂಡ ದಿನ ಡಾಕ್ಟರು ಪರೀಕ್ಷಿಸಿದರೇ? ಹಿಂದಿನ ಪ್ರಯತ್ನವನ್ನು ಬರೆದುಕೊಂಡರೇ? ಹೊರಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಒಳಗೂ ಸಿಕ್ಕಿತೇ? ಒಂಟಿಯಾಗಿ ಇಟ್ಟಿದ್ದರೇ? ರಾತ್ರಿ ಪಾಳಿಯ ವಾರ್ಡರ್ ಎಷ್ಟು ಗಂಟೆಗೆ ಸುತ್ತು ಬಂದರು? ಬೆಂಗಳೂರು ಕೇಂದ್ರ ಕಾರಾಗೃಹದ ಐದು ಸಾವಿರಕ್ಕೂ ಹೆಚ್ಚು ಬಂದಿಗಳ ಬಗ್ಗೆ ನಿಮ್ಹಾನ್ಸ್ ಅಧ್ಯಯನ 2011ರಲ್ಲೇ ಪ್ರಕಟವಾಗಿದೆ. ಮದ್ಯ, ಮಾದಕ ವ್ಯಸನ ಬಿಟ್ಟು ಲೆಕ್ಕ ಹಾಕಿದರೂ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಹೀಗಿರುವಾಗ ‘ನಿರೀಕ್ಷಿಸಿರಲಿಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ.

ಒಬ್ಬ ತಾಯಿ ಮಗನ ಚಿಕಿತ್ಸೆಯ ಚೀಟಿಯನ್ನು ಜೈಲಿನ ಗೇಟಿನಲ್ಲಿ ಕೊಟ್ಟು ಬಂದಿದ್ದರು. ಕಡತದಲ್ಲಿ ಆ ಚೀಟಿ ಇರಲಿಲ್ಲ, ತಾಯಿಯ ಬಳಿ ಸ್ವೀಕೃತಿಯೂ ಇರಲಿಲ್ಲ. ನಮಗೆ ಆಸರೆಯಾದದ್ದು ಔಷಧ ಅಂಗಡಿಯ ಬಿಲ್ಲು ಮತ್ತು ರಿಮ್ಯಾಂಡ್ ದಿನ ಆಗಿನ ವಕೀಲರು ಹಾಕಿದ್ದ ಒಂದು ಪುಟದ ಅರ್ಜಿ.

ಕಸ್ಟಡಿಯಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕು. ವಿಚಾರಣೆಯಲ್ಲಿ ನಿಮ್ಮ ಹೇಳಿಕೆ ದಾಖಲಿಸಿ, ಪ್ರತಿಗಳನ್ನು ಕೇಳಿ; ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಲು ಅವೇ ಆಧಾರ.

ನಿಮ್ಮವರು ಯಾರಾದರೂ ಒಳಗಿದ್ದು, ಭೇಟಿಯ ವೇಳೆ ಅವರ ಮಾತಿನಲ್ಲಿ ಬದುಕು ಸಾಕೆಂಬ ಸುಳಿವು ಕಂಡರೆ ಅಂದೇ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ತಿಳಿಸಿ. ಪ್ರತಿಯನ್ನು ಕಾನೂನು ಸೇವಾ ಪ್ರಾಧಿಕಾರಕ್ಕೂ ಕೋರ್ಟಿಗೂ ಕೊಟ್ಟು ಸೀಲು ಹಾಕಿಸಿಕೊಳ್ಳಿ. ನಿಮಗೇ ಆಸರೆ ಬೇಕೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪತ್ರ ಒಂದು ಜೀವ ಉಳಿಸಬಹುದು. ಮುಂದೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಯಾರೂ ಹೇಳಲಾಗದಂತೆಯೂ ಮಾಡುತ್ತದೆ.