ಅಂಗಡಿ ಮೇಲೆ ಸ್ಟೀಲ್ ಮಹಡಿ: ಎಷ್ಟು ಭಾರ ತಡೆಯುತ್ತೆ ಅಂತ ಮೊದಲು ಕೇಳಿ

ಅಂಗಡಿ ಮೇಲೆ ಇನ್ನೊಂದು ಮಹಡಿ ಬೇಕು, ಆದ್ರೆ ಸೆಂಟ್ರಿಂಗ್ ಹೊಡೆದು ವಾರಗಟ್ಟಲೆ ವ್ಯಾಪಾರ ನಿಲ್ಲಿಸೋಕೆ ಆಗಲ್ಲ. ಇಂಥವರಿಗೆ ಸ್ಟೀಲ್ ಮಹಡಿ ಒಂದು ದಾರಿ. ಅಡ್ವಾನ್ಸ್ ಕೊಡೋ ಮುಂಚೆ ತಿಳಿದಿರಬೇಕಾದ ವಿಷಯ ಇಲ್ಲಿದೆ.

ಕಟ್ಟೋದು ಹೇಗೆ?

ಕಂಬ, ತೊಲೆಗಳನ್ನು ವರ್ಕ್‌ಶಾಪಿನಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು ತರುತ್ತಾರೆ. ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ತೊಲೆಗಳ ಮೇಲೆ ಡೆಕ್ ಶೀಟ್, ಅಂದರೆ ಸುಮಾರು 1 ಮಿ.ಮೀ. ದಪ್ಪದ ಮಡಿಕೆ ತಗಡು ಹಾಸಿ, ಕಬ್ಬಿಣದ ಜಾಲರಿ ಇಟ್ಟು ಕಾಂಕ್ರೀಟ್ ಸುರಿಯುತ್ತಾರೆ. ಹಸಿ ಕಾಂಕ್ರೀಟನ್ನು ತಗಡೇ ಹೊರುತ್ತೆ. ತೊಲೆಗಳ ಅಂತರ ಸರಿಯಿದ್ದರೆ ಕೆಳಗೆ ಊರುಗೋಲು ಬೇಕಿಲ್ಲ. ಮಾಮೂಲಿ ಆರ್‌ಸಿಸಿ ಸ್ಲ್ಯಾಬಿಗಾದ್ರೆ 7ರಿಂದ 14 ದಿನ ಊರುಗೋಲು ಇರಲೇಬೇಕು.

ಡೆಕ್ ಶೀಟಿನ ಮೈಮೇಲೆ ಉಬ್ಬು ಗುರುತುಗಳಿರುತ್ತವೆ. ಕಾಂಕ್ರೀಟು ಹಿಡಿದುಕೊಳ್ಳೋದು ಅವುಗಳಿಂದಲೇ. ರೇಟು ಕಡಿಮೆ ಅಂತ ಚಾವಣಿಯ ನುಣುಪು ಶೀಟು ಹಾಕಲು ಬಂದರೆ ಒಪ್ಪಬೇಡಿ.

ಭಾರದ ಲೆಕ್ಕ

ಐಎಸ್ 875 ನಿಯಮದಂತೆ ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ, ಚಿಲ್ಲರೆ ಅಂಗಡಿಯದ್ದನ್ನು 400 ಕೆಜಿಗೆ ಲೆಕ್ಕ ಹಾಕಬೇಕು. 400 ಕೆಜಿ ಅಂದ್ರೆ ಚದರ ಅಡಿಗೆ 37 ಕೆಜಿ.

ಈಗ 25 ಕೆಜಿಯ ಎಂಟು ಅಕ್ಕಿ ಮೂಟೆ ಒಂದರ ಮೇಲೊಂದು ಇಡಿ. ಮೂಟೆ 3 ಚದರ ಅಡಿ ಹಿಡಿಯುತ್ತೆ ಅಂದ್ಕೊಂಡರೂ ಚದರ ಅಡಿಗೆ ಸುಮಾರು 67 ಕೆಜಿ ಬಿತ್ತು. ಬಟ್ಟೆ ಅಂಗಡಿಗೆ ಅಂತ ಕಟ್ಟಿದ ಮಹಡಿಯನ್ನು ನಾಳೆ ಗೋಡೌನ್ ಮಾಡಿದರೆ ಅಪಾಯ ಇರೋದು ಇಲ್ಲೇ.

ಹಳೇ ಕಟ್ಟಡ, ಬೆಂಕಿ

ಸ್ಟೀಲ್ ಹಗುರ ನಿಜ, ಆದರೆ ಕಾಂಕ್ರೀಟು, ಸಾಮಾನು, ಜನ ಎಲ್ಲರ ಭಾರವೂ ಕೊನೆಗೆ ಪಾಯಕ್ಕೇ ಹೋಗಬೇಕು. ಪಾಯ ಪರೀಕ್ಷಿಸದೆ ಹಳೇ ಸ್ಲ್ಯಾಬಿನ ಮೇಲೆ ಕಂಬ ನಿಲ್ಲಿಸೋದು ತಪ್ಪು.

ಇನ್ನು ಬೆಂಕಿ. ಸ್ಟೀಲ್ ಉರಿಯಲ್ಲ, ಆದರೆ 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹೆಚ್ಚುಕಮ್ಮಿ ಅರ್ಧ ಶಕ್ತಿ ಕಳೆದುಕೊಳ್ಳುತ್ತೆ. ಕೆಳಗೆ ಹೋಟೆಲ್, ಬೇಕರಿ ಇದ್ದರೆ ಬೆಂಕಿ ತಡೆಯುವ ಪೇಂಟ್ ಅಥವಾ ಬೋರ್ಡಿನ ಹೊದಿಕೆ ಹಾಕಿಸಿ.

ಕೇಳಬೇಕಾದ್ದು ಇಷ್ಟು

ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ಡ್ರಾಯಿಂಗ್, ಅದರಲ್ಲಿ ಬರೆದ ಭಾರದ ಮಿತಿ, ಪುರಸಭೆ ಅಥವಾ ಪಂಚಾಯಿತಿ ಅನುಮತಿ. ಫ್ಯಾಬ್ರಿಕೇಟರ್ ಬಾಯಿಮಾತು ಸಾಲದು. ಕೆಲಸ ಮುಗಿದ ಮೇಲೆ ಆ ಮಿತಿಯನ್ನು ಮೆಟ್ಟಿಲ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆಸಿ. ಮುಂದೆ ಬಾಡಿಗೆಗೆ ಬರೋರಿಗೆ ಗೊತ್ತಾಗೋದು ಅದರಿಂದಲೇ.