ಅಕ್ವೇರಿಯಂನಲ್ಲಿ ಕೊರಡು ಮುಳುಗಿಸುವಿಕೆ

ಅಕ್ವೇರಿಯಂನಲ್ಲಿ ಕೊರಡು ಮುಳುಗಿಸುವಿಕೆ ಎಂದರೆ ಮೀನುತೊಟ್ಟಿಯ ಅಲಂಕಾರಕ್ಕೆಂದು ತಂದ ಒಣ ಬೇರು, ಬೊಡ್ಡೆ ಅಥವಾ ಕೊಂಬೆಯು ನೀರಿನ ಮೇಲೆ ತೇಲದೆ ತಳದಲ್ಲಿ ನಿಲ್ಲುವಂತೆ ಅದನ್ನು ಹದಗೊಳಿಸುವ ಕ್ರಮ. ಹೊಳೆ, ಕೆರೆ, ಕಡಲುಗಳ ದಡಕ್ಕೆ ನೀರು ತಂದು ಹಾಕಿದ ಇಂತಹ ಮರವನ್ನು ತೇಲುಮರ ಎಂದೂ, ಅಂಗಡಿಗಳಲ್ಲಿ ಡ್ರಿಫ್ಟ್‌ವುಡ್ ಎಂದೂ ಕರೆಯುತ್ತಾರೆ. ಇದು ಮೀನುಗಳಿಗೆ ಅಡಗುತಾಣ, ಹಾವಸೆ ಮತ್ತು ಜಲಜರೀಗಿಡಗಳಿಗೆ ಆಧಾರ.

ಹೊನ್ನೆಮರಡುವಿನ ನಿದರ್ಶನ

ಮರ ಮುಳುಗುವ ಬಗೆಯನ್ನು ದೊಡ್ಡ ಪ್ರಮಾಣದಲ್ಲಿ ಕಾಣಬಹುದಾದ ಸ್ಥಳ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊನ್ನೆಮರಡು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರದ ಮೂಲಕ ಹರಿದು ಬರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಕಣಿವೆಯ ಊರು, ಗದ್ದೆಗಳೊಂದಿಗೆ ಕಾಡೂ ಮುಳುಗಿತು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಹಳೆಯ ಬೊಡ್ಡೆಗಳು ಹೊರಗೆ ಕಾಣುತ್ತವೆ. ಅವು ತೇಲದಿರುವುದಕ್ಕೆ ಬೇರು ಒಂದು ಕಾರಣ. ಬೇರು ಕಳಚಿದವೂ ನೀರುಂಡು ಭಾರವಾಗಿ ತಳ ಸೇರಿವೆ. ಸದಾ ನೀರಿನಡಿ ಇರುವ ಮರಕ್ಕೆ ಆಮ್ಲಜನಕ ಸಿಗದ ಕಾರಣ ಅದು ಬೇಗ ಕೊಳೆಯುವುದಿಲ್ಲ. ವರ್ಷಕ್ಕೊಮ್ಮೆ ನೆನೆದು ಒಣಗುವ ಮಟ್ಟದಲ್ಲಿರುವ ಮರವೇ ಹೆಚ್ಚು ಸವೆಯುತ್ತದೆ.

ಗಮನಿಸಬೇಕಾದ ಅಂಶವೆಂದರೆ, ವರ್ಷಗಟ್ಟಲೆ ನೀರಿನಲ್ಲಿದ್ದ ತುಂಡೂ ದಡದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಮತ್ತೆ ತೇಲುತ್ತದೆ. ಆದ್ದರಿಂದ ಮುಳುಗುವುದು ಆ ಮರದ ಶಾಶ್ವತ ಗುಣವಲ್ಲ, ಅದರೊಳಗಿನ ನೀರಿನ ಪ್ರಮಾಣವನ್ನು ಅವಲಂಬಿಸಿದ ಸ್ಥಿತಿ. ‘ನದಿಯಿಂದ ತಂದ ಮರವಾದ್ದರಿಂದ ನೇರವಾಗಿ ಮುಳುಗುತ್ತದೆ’ ಎಂಬ ನಂಬಿಕೆ ಸರಿಯಲ್ಲ.

ಮರ ತೇಲುವ ಕಾರಣ

ಮರದ ಕೋಶಭಿತ್ತಿಯು ಸೆಲ್ಯುಲೋಸ್, ಲಿಗ್ನಿನ್ ಮುಂತಾದ ವಸ್ತುಗಳಿಂದಾಗಿದ್ದು ಅದರ ಸಾಂದ್ರತೆ ಸುಮಾರು 1.5, ಅಂದರೆ ನೀರಿಗಿಂತ ಒಂದೂವರೆ ಪಟ್ಟು. ಯಾವ ಮರದ ತಿರುಳಾದರೂ ಇದು ಹೆಚ್ಚುಕಡಿಮೆ ಒಂದೇ. ಮರವನ್ನು ತೇಲಿಸುವುದು ಕೋಶಗಳ ಒಳಗಿನ ಗಾಳಿ. ಒಣ ಸಾಗುವಾನಿಯ ಸಾಂದ್ರತೆ ಸುಮಾರು 0.65 ಎಂದಿಟ್ಟುಕೊಂಡರೆ ಅದರ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯೇ. ಆ ಗಾಳಿಯ ಜಾಗದ ಸುಮಾರು ಶೇ. 60ರಷ್ಟನ್ನು ನೀರು ತುಂಬಿದಾಗ ಅದು ಮುಳುಗುತ್ತದೆ. ಬೂರುಗದಂತಹ ಹಗುರ ಮರದಲ್ಲಿ ಶೇ. 80ಕ್ಕೂ ಹೆಚ್ಚು ತುಂಬಬೇಕು. ನಾಗಸಂಪಿಗೆಯ ಕೆಚ್ಚು ಒಣಗಿದ್ದರೂ ಸಾಮಾನ್ಯವಾಗಿ ಮುಳುಗುವಷ್ಟು ಭಾರ. ಬರ್ಮಾದಲ್ಲಿ ಸಾಗುವಾನಿಯನ್ನು ಹೊಳೆಯಲ್ಲಿ ಸಾಗಿಸುವ ಮೊದಲು ನಿಂತ ಮರದ ಸುತ್ತ ಕಚ್ಚು ಹಾಕಿ ಒಣಗಿಸುತ್ತಿದ್ದುದು ಇದೇ ತತ್ತ್ವದ ಇನ್ನೊಂದು ಮುಖ: ಹಸಿ ದಿಮ್ಮಿ ತೇಲುತ್ತಿರಲಿಲ್ಲ.

ನೀರು ಮರದ ಎಳೆಯ ಉದ್ದಕ್ಕೆ ಬೇಗ, ಅಡ್ಡಕ್ಕೆ ಬಹು ನಿಧಾನವಾಗಿ ಒಳಸೇರುತ್ತದೆ. ತುದಿ ಕತ್ತರಿಸಿದ ಕೊಂಬೆ ವಾರಗಳಲ್ಲಿ ಮುಳುಗಿದರೆ ದಪ್ಪ ಕೆಚ್ಚಿನ ಬೊಡ್ಡೆ ತಿಂಗಳುಗಟ್ಟಲೆ ತೇಲಬಹುದು.

ಮುಳುಗಿಸುವ ಕ್ರಮಗಳು

ನೆನೆಹಾಕುವುದು ಅತ್ಯಂತ ಸರಳ ಕ್ರಮ. ತೊಗಟೆ, ಮಣ್ಣು, ಕೊಳೆತ ಭಾಗಗಳನ್ನು ತೆಗೆದು, ಬಕೆಟ್ಟಿನಲ್ಲಿ ಕಲ್ಲು ಹೇರಿ ಪೂರ್ತಿ ಮುಳುಗಿಸಿಟ್ಟು, ಕೆಲವು ದಿನಗಳಿಗೊಮ್ಮೆ ನೀರು ಬದಲಿಸಬೇಕು. ಬಿದಿರು, ಮರಮುಟ್ಟುಗಳನ್ನು ಕೆರೆಯಲ್ಲಿ ನೆನೆಹಾಕಿ ಹದಗೊಳಿಸುವ ರೂಢಿ ಬಲ್ಲವರಿಗೆ ಇದು ಹೊಸದೇನಲ್ಲ.

ಕುದಿಸಿದರೆ ಕಾಲ ಉಳಿಯುತ್ತದೆ. ಒಂದೆರಡು ಗಂಟೆ ಕುದಿಸಿದಾಗ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ. ಆದರೆ ನೀರು ಒಳಹೋಗುವುದು ಮುಖ್ಯವಾಗಿ ಆರುವಾಗ: ಉಗಿ ಮತ್ತೆ ನೀರಾಗಿ ಕುಗ್ಗಿದಾಗ ತೆರವಾದ ಜಾಗಕ್ಕೆ ಸುತ್ತಲಿನ ನೀರು ಸೇರುತ್ತದೆ. ಹೀಗಾಗಿ ಬಿಸಿ ಮರವನ್ನು ಹೊರತೆಗೆಯದೆ ಅದೇ ನೀರಿನಲ್ಲಿ ಮುಳುಗಿಸಿಟ್ಟೇ ಆರಲು ಬಿಡಬೇಕು. ಹಲವರು ತಪ್ಪುವುದು ಇಲ್ಲಿಯೇ.

ಕಾಯಲು ಸಾಧ್ಯವಿಲ್ಲದಿದ್ದರೆ ಕೊರಡನ್ನು ಸ್ಟೇನ್‌ಲೆಸ್ ಸ್ಟೀಲ್ ತಿರುಪಿನಿಂದ ಕಲ್ಲುಹಲಗೆಗೆ ಬಿಗಿಯಬಹುದು. 0.65 ಸಾಂದ್ರತೆಯ ಒಂದು ಕಿಲೋ ಒಣ ಮರವನ್ನು ತಳದಲ್ಲಿ ಹಿಡಿದಿಡಲು ಸುಮಾರು ಒಂದು ಕಿಲೋ ಗ್ರಾನೈಟ್ ಬೇಕು, ಏಕೆಂದರೆ ಕಲ್ಲೂ ನೀರಿನಲ್ಲಿ ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಸುಲಭವಾಗಿ ಸಿಗುವ ಕಡಪ, ಶಹಾಬಾದ್ ಕಲ್ಲುಗಳು ಸುಣ್ಣಕಲ್ಲುಗಳಾದ್ದರಿಂದ ನೀರಿನ ಗಡಸುತನವನ್ನು ಹೆಚ್ಚಿಸಬಲ್ಲವು. ತಾಮ್ರ, ಹಿತ್ತಾಳೆಯ ಮೊಳೆಗಳು ಸೀಗಡಿ, ಬಸವನಹುಳುಗಳಿಗೆ ವಿಷ. ಕೊರಡನ್ನು ಎರಡು ಗಾಜುಗಳ ನಡುವೆ ಸಿಕ್ಕಿಸಿ ನಿಲ್ಲಿಸುವುದಂತೂ ಅಪಾಯಕರ. ನೆನೆದ ಮರ ಉಬ್ಬಿ ಗಾಜು ಒಡೆಯಬಹುದು. ತೊಟ್ಟಿ ತೊಳೆಯುವಾಗಲೂ ಮರವನ್ನು ಒಣಗಲು ಬಿಡದೆ ನೀರಿನಲ್ಲಿಯೇ ಇಡಬೇಕು.

ಬಣ್ಣ ಮತ್ತು ಬಿಳಿ ಲೋಳೆ

ನೆನೆದ ಮರದಿಂದ ಟ್ಯಾನಿನ್ ಮುಂತಾದವು ಹೊರಬಂದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೊನ್ನೆಮರದ ಲೋಟದಲ್ಲಿಟ್ಟ ನೀರು ಬಣ್ಣ ತಳೆಯುವುದೂ ಹೀಗೆ ಮರದ ಸಾರ ಇಳಿಯುವುದರಿಂದಲೇ. ಟ್ಯಾನಿನ್ ನೀರನ್ನು ತುಸು ಆಮ್ಲೀಯಗೊಳಿಸಿದರೂ ಬಹುಪಾಲು ಮೀನುಗಳಿಗೆ ಹಾನಿಯಿಲ್ಲ. ಬಣ್ಣ ಬೇಡವಾದರೆ ಸಕ್ರಿಯ ಇದ್ದಿಲು ಬಳಸಬಹುದು. ಮೊದಲ ವಾರಗಳಲ್ಲಿ ಕಾಣುವ ಬಿಳಿ ಲೋಳೆಯು ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಪದರ. ಅದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ.

ಮರದ ಆಯ್ಕೆ

ಹಸಿ ಮರ, ರಾಳವುಳ್ಳ ಮರ ಮತ್ತು ಕಣಗಿಲೆಯಂತಹ ವಿಷಮರಗಳು ಯೋಗ್ಯವಲ್ಲ. ಮಲೆನಾಡಿನಲ್ಲಿ ಹೊಲಗೇರಿನ ಸೊನೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುವುದರಿಂದ, ಗುರುತು ತಿಳಿಯದ ಕಾಡುಮರವನ್ನು ಮುಟ್ಟದಿರುವುದು ಲೇಸು. ಕಾನೂನಿನ ಮಾತೂ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆಯ 45ನೇ ಕಲಮಿನಂತೆ, ತೇಲಿಬಂದ, ದಡ ಸೇರಿದ ಅಥವಾ ಮುಳುಗಿದ ಮರವು ಬೇರೆಯವರ ಒಡೆತನ ಸಾಬೀತಾಗುವವರೆಗೆ ಸರ್ಕಾರದ್ದೆಂದೇ ಭಾವಿತವಾಗುತ್ತದೆ. ಶರಾವತಿ ಹಿನ್ನೀರಿನ ಒಂದು ಭಾಗ ವನ್ಯಜೀವಿಧಾಮಕ್ಕೆ ಸೇರಿದ್ದು, ಅಲ್ಲಿಂದ ಅನುಮತಿಯಿಲ್ಲದೆ ಕೊರಡು ತರುವುದು ಅಪರಾಧ.